ಜೂನಿಯರ್‌ನಲ್ಲಿ ಗೆಲ್ಲುವ ಹುಡುಗ ಪ್ರೊ ಟೆನಿಸ್‌ನಲ್ಲಿ ಮೊದಲ ಸುತ್ತಲ್ಲೇ ಸೋತರೆ ಏನರ್ಥ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಜೂನಿಯರ್ ರ‍್ಯಾಂಕಿಂಗ್‌ನಲ್ಲಿ 70ರ ಆಸುಪಾಸಿನಲ್ಲಿದ್ದಾನೆ. ತನ್ನ ವಯಸ್ಸಿನವರ ಜೊತೆ ಆಡಿದರೆ ಗೆಲ್ಲುವುದೇ ಜಾಸ್ತಿ. ಈ ವರ್ಷ ಪುರುಷರ ಪ್ರೊ ಟೆನಿಸ್‌ನ ತಳದ ಹಂತವಾದ ಎಂ15ನ ಕೆಲವು ಪಂದ್ಯಾವಳಿಗಳ ಅರ್ಹತಾ ಸುತ್ತಿಗೆ ಹೋಗಿದ್ದ, ಎಲ್ಲ ಕಡೆ ಬೇಗ ಸೋತು ಬಂದ. ಒಬ್ಬ ಕೋಚ್ ‘ಜೂನಿಯರ್ ಸಾಕು, ಪೂರ್ತಿ ಪ್ರೊ ಆಡಿಸಿ’ ಎನ್ನುತ್ತಾರೆ. ಇನ್ನೊಬ್ಬರು ‘ಅವಸರ ಬೇಡ, ಅಮೆರಿಕದ ಕಾಲೇಜು ಟೆನಿಸ್‌ಗೆ ಕಳಿಸಿ’ ಎನ್ನುತ್ತಾರೆ. ಹುಡುಗ ಮಂಕಾಗಿದ್ದಾನೆ. ಇವನು ಪ್ರೊ ಆಗಬಲ್ಲನೇ ಅಂತ ತಿಳಿಯೋದು ಹೇಗೆ? ಇತ್ತೀಚೆಗೆ ಸರ್ವ್ ಮಾಡುವಾಗ ಸೊಂಟ ನೋಯುತ್ತದೆ ಅಂತಲೂ ಹೇಳುತ್ತಿದ್ದಾನೆ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಒಂದೆರಡು ತಿಂಗಳು ತಡವಾದರೂ ನಡೆಯುತ್ತದೆ, ಸೊಂಟ ನೋವು ಹಾಗಲ್ಲ. ಬೆಳೆಯುವ ವಯಸ್ಸಿನ ಟೆನಿಸ್ ಆಟಗಾರ ಸರ್ವ್‌ಗೆ ಬೆನ್ನು ಹಿಂದಕ್ಕೆ ಬಾಗಿಸಿದಾಗ ಸೊಂಟದ ಕೆಳಭಾಗ ನೋಯುತ್ತದೆ ಅಂದರೆ, ಬೆನ್ನುಮೂಳೆಯಲ್ಲಿ ಒತ್ತಡದಿಂದ ಸಣ್ಣ ಬಿರುಕು ಬಿಟ್ಟಿರಬಹುದೇ ಅಂತ ನೋಡಲೇಬೇಕು. ಎಲ್ಲ ನೋವೂ ಅದೇ ಆಗಿರುವುದಿಲ್ಲ. ಬರೀ ಸ್ನಾಯು ಹಿಡಿದುಕೊಂಡಿದ್ದರೂ ಇರಬಹುದು. ಅದನ್ನು ಹೇಳಬೇಕಾದವರು ಕ್ರೀಡಾ ವೈದ್ಯರು. ಬಿರುಕು ಶುರುವಿನ ಹಂತದಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಂಆರ್‌ಐ ಬೇಕಾಗಬಹುದು. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿ ಮತ್ತು ವ್ಯಾಯಾಮದಿಂದ ಸಾಮಾನ್ಯವಾಗಿ ಸರಿಹೋಗುತ್ತದೆ. ನೋವಿನ ಮಾತ್ರೆ ನುಂಗಿಸಿ ಆಡಿಸಿದರೆ ವರ್ಷಗಟ್ಟಲೆ ಕಾಡುತ್ತದೆ. ಆದ್ದರಿಂದ ಈ ವಾರವೇ ತೋರಿಸಿ. ವೈದ್ಯರು ಸರಿ ಅನ್ನುವವರೆಗೆ ಸರ್ವ್ ನಿಲ್ಲಿಸಿ, ಮುಂದಿನ ಎಂಟ್ರಿಗಳನ್ನು ವಾಪಸ್ ತೆಗೆದುಕೊಳ್ಳಿ.

ಈಗ ಆಟದ ವಿಷಯ. ಜೂನಿಯರ್‌ನಲ್ಲಿ 70ನೇ ಸ್ಥಾನ ಸಣ್ಣ ಮಾತಲ್ಲ. ಆದರೆ ಆ 70 ಯಾರ ನಡುವಿನ 70 ಅಂತ ನೋಡಬೇಕು. ಐಟಿಎಫ್ ಜೂನಿಯರ್ ಟೂರ್‌ನಲ್ಲಿ ಆಡುವುದು 13ರಿಂದ 18 ವರ್ಷದವರು ಮಾತ್ರ. ರ‍್ಯಾಂಕಿಂಗ್‌ಗೆ ಹಿಡಿಯುವುದು ಅತ್ಯುತ್ತಮ ಆರು ಸಿಂಗಲ್ಸ್ ಫಲಿತಾಂಶ, ಜೊತೆಗೆ ಅತ್ಯುತ್ತಮ ಆರು ಡಬಲ್ಸ್ ಫಲಿತಾಂಶದ ಕಾಲು ಭಾಗ. ಅಂದರೆ ವರ್ಷದಲ್ಲಿ ಆರು ಒಳ್ಳೆ ವಾರ ಸಿಕ್ಕರೆ ಸಾಕು, ರ‍್ಯಾಂಕ್ ಏರುತ್ತದೆ. ಉಳಿದ ವಾರಗಳಲ್ಲಿ ಹೇಗೆ ಆಡಿದ ಅಂತ ಅದು ಹೇಳುವುದಿಲ್ಲ. ಎಂ15 ಅರ್ಹತಾ ಸುತ್ತಿನಲ್ಲಿ ನಿಮ್ಮ ಮಗನ ಎದುರು ನಿಂತವನಿಗೆ 22 ಇರಬಹುದು, 27 ಇರಬಹುದು. ಅವನೂ ಒಂದು ಕಾಲಕ್ಕೆ ಜೂನಿಯರ್‌ನಲ್ಲಿ ಗೆಲ್ಲುತ್ತಿದ್ದವನೇ. ಆಮೇಲೆ ಐದಾರು ವರ್ಷ ಜಿಮ್‌ನಲ್ಲಿ ಬೆವರು ಹರಿಸಿದ್ದಾನೆ, ಯಾರೂ ನೋಡದ ಅಂಕಣಗಳಲ್ಲಿ ನೂರಾರು ಪಂದ್ಯ ಆಡಿದ್ದಾನೆ. ಅವನ ಎದುರು 17ರ ಹುಡುಗ ಸೋತರೆ ಅದರಲ್ಲಿ ಆಶ್ಚರ್ಯ ಇಲ್ಲ. ಸೋತಿದ್ದಾನೆ ಅನ್ನುವುದಕ್ಕಿಂತ ಹೇಗೆ ಸೋತ ಅನ್ನುವುದು ಮುಖ್ಯ. ನಿಮ್ಮ ಇಬ್ಬರು ಕೋಚ್‌ಗಳೂ ಅದರ ಬಗ್ಗೆ ಏನೂ ಹೇಳಿದಂತೆ ಕಾಣಲಿಲ್ಲ.

ಜೂನಿಯರ್ ರ‍್ಯಾಂಕ್ ನೋಡಿ ಭವಿಷ್ಯ ಹೇಳಲು ಎಷ್ಟು ಸಾಧ್ಯ? ಸ್ವಲ್ಪ ಮಟ್ಟಿಗೆ ಸಾಧ್ಯ, ಅಷ್ಟೇ. ರೋಜರ್ ಫೆಡರರ್ 1998ರಲ್ಲಿ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದು, ಆ ವರ್ಷದ ಕೊನೆಗೆ ಜೂನಿಯರ್ ನಂಬರ್ 1 ಆಗಿದ್ದರು. ಅವರು ವಿಂಬಲ್ಡನ್ ಗೆದ್ದಿದ್ದು 2003ರಲ್ಲಿ, ಐದು ವರ್ಷ ಆದಮೇಲೆ. ಸ್ಟಾನ್ ವಾವ್ರಿಂಕಾ 2003ರಲ್ಲಿ ಫ್ರೆಂಚ್ ಓಪನ್ ಬಾಲಕರ ಚಾಂಪಿಯನ್. ಮೊದಲ ಗ್ರ್ಯಾಂಡ್ ಸ್ಲಾಮ್ ಬಂದಿದ್ದು 2014ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಅವರಿಗೆ 28 ಆಗಿದ್ದಾಗ. ಇನ್ನೊಂದು ಕಡೆ ನೊವಾಕ್ ಜೊಕೊವಿಚ್ ಜೂನಿಯರ್‌ನಲ್ಲಿ 24ಕ್ಕಿಂತ ಮೇಲೆ ಹೋಗಲೇ ಇಲ್ಲ. ಯಾನಿಕ್ ಸಿನ್ನರ್ ಜೂನಿಯರ್‌ನಲ್ಲಿ ಮೊದಲ 100ರ ಒಳಗೂ ಬಂದಿರಲಿಲ್ಲ. 13 ವರ್ಷದವರೆಗೆ ಸ್ಕೀಯಿಂಗ್ ಕೂಡ ಮಾಡುತ್ತಿದ್ದ ಹುಡುಗ ಅವರು. 2019ರ ಶುರುವಿನಲ್ಲಿ ಪುರುಷರ ಪ್ರೊ ಟೆನಿಸ್‌ನ ಎಟಿಪಿ ರ‍್ಯಾಂಕಿಂಗ್‌ನಲ್ಲಿ 500ರ ಆಚೆ ಇದ್ದರು. ಫೆಬ್ರವರಿಯಲ್ಲಿ ಬೆರ್ಗಾಮೊದಲ್ಲಿ ಚಾಲೆಂಜರ್ ಮಟ್ಟದ (ಪ್ರೊ ಟೆನಿಸ್‌ನ ಮಧ್ಯದ ಹಂತ) ಪಂದ್ಯಾವಳಿ ಗೆದ್ದರು. ವರ್ಷ ಮುಗಿಯುವ ಹೊತ್ತಿಗೆ ಮೊದಲ 80ರ ಒಳಗಿದ್ದರು. ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಬಾಲಕರ ಪ್ರಶಸ್ತಿ ಗೆದ್ದು ಜೂನಿಯರ್ ನಂಬರ್ 1 ಆದವರು. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ಸ್ಥಾನ 83, ಅದು ಬಂದಿದ್ದು 2018ರಲ್ಲಿ. ನಡುವೆ ಗಾಯಗಳು ಮತ್ತೆ ಮತ್ತೆ ಕಾಡಿದವು. ಆಮೇಲೆ ಅವರು ಡಬಲ್ಸ್‌ನಲ್ಲಿ ನೆಲೆ ಕಂಡುಕೊಂಡರು.

ಇಷ್ಟು ಬೇರೆ ಬೇರೆ ದಾರಿಗಳು ಯಾಕೆ ಅಂದರೆ, 15-16ರಲ್ಲಿ ಗೆಲ್ಲಿಸುವ ಗುಣಗಳು 21ರಲ್ಲಿ ಗೆಲ್ಲಿಸುವ ಗುಣಗಳಲ್ಲ. ಬೇಗ ಬೆಳೆದ ಹುಡುಗ ಎತ್ತರ ಮತ್ತು ಬಲದಿಂದಲೇ ಒಂದಷ್ಟು ವರ್ಷ ಗೆಲ್ಲುತ್ತಾನೆ. ತಡವಾಗಿ ಬೆಳೆಯುವವನು ಆ ವರ್ಷಗಳಲ್ಲಿ ಚೆಂಡನ್ನು ಬೇಗ ಓದುವುದು, ಕೋನ ಹುಡುಕುವುದು ಕಲಿಯುತ್ತಾನೆ, ಇಲ್ಲದಿದ್ದರೆ ಅವನಿಗೆ ಉಳಿಗಾಲವಿಲ್ಲ. ಆಮೇಲೆ ಮೈಯೂ ಬೆಳೆದಾಗ ಇಬ್ಬರ ಲೆಕ್ಕ ತಿರುಗುಮುರುಗಾಗುತ್ತದೆ. ಇನ್ನು ಕೆಲವರು ತಪ್ಪೇ ಮಾಡದೆ, ಎದುರಾಳಿ ತಪ್ಪು ಮಾಡುವವರೆಗೆ ಚೆಂಡನ್ನು ಆಚೆ ಹಾಕುತ್ತಾ ಗೆಲ್ಲುತ್ತಾರೆ. ಜೂನಿಯರ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಪ್ರೊ ಮಟ್ಟದಲ್ಲಿ ಎದುರಾಳಿ ತಾನಾಗಿ ಅಷ್ಟು ತಪ್ಪು ಮಾಡುವುದೇ ಇಲ್ಲ.

ಅಂಕಣದ ಒಳಗೆ ವ್ಯತ್ಯಾಸ ಎಲ್ಲಿ ಕಾಣುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. 4-4, 30-40. ಮೊದಲ ಸರ್ವ್ ನೆಟ್‌ಗೆ ಹೋಯಿತು. ಈಗ ಎರಡನೇ ಸರ್ವ್. ಜೂನಿಯರ್ ಪಂದ್ಯದಲ್ಲಿ ಹುಡುಗ ಹೆದರಿ, ತೋಳು ನಿಧಾನ ಮಾಡಿ, ಚೆಂಡನ್ನು ಬಾಕ್ಸ್‌ನ ನಡುವೆ ಮೆಲ್ಲಗೆ ಬೀಳಿಸುತ್ತಾನೆ. ಆಚೆ ಇರುವ ಹುಡುಗನೂ ಹೆದರಿರುತ್ತಾನೆ, ಸುರಕ್ಷಿತವಾಗಿ ವಾಪಸ್ ಹಾಕುತ್ತಾನೆ. ರ‍್ಯಾಲಿ ಶುರುವಾಗುತ್ತದೆ, ನಿಮ್ಮ ಮಗನ ಫೋರ್‌ಹ್ಯಾಂಡ್ ಚೆನ್ನಾಗಿದ್ದರೆ ಅಂಕ ಅವನದೇ. ಅದೇ ಸರ್ವ್ ಅನ್ನು ಎಂ15ನಲ್ಲಿ ಹಾಕಿ ನೋಡಿ. ಎದುರಾಳಿ ಎರಡು ಹೆಜ್ಜೆ ಮುಂದೆ ಬಂದು ನಿಂತಿರುತ್ತಾನೆ. ಚೆಂಡು ಏರುತ್ತಿರುವಾಗಲೇ ಹೊಡೆದು ಬ್ಯಾಕ್‌ಹ್ಯಾಂಡ್ ಮೂಲೆಗೆ ಆಳವಾಗಿ ಕಳಿಸುತ್ತಾನೆ. ನಿಮ್ಮ ಮಗ ಸರ್ವ್ ಮುಗಿಸಿ ಕಾಲು ಊರುವಷ್ಟರಲ್ಲಿ ಚೆಂಡು ಅವನ ಪಾದದ ಹತ್ತಿರ ಬಂದಿರುತ್ತದೆ. ರ‍್ಯಾಲಿಯೇ ಇಲ್ಲ. ಮನೆಗೆ ಬಂದು ‘ನನ್ನ ಆಟವನ್ನು ಆಡಲು ಬಿಡಲೇ ಇಲ್ಲ’ ಅನ್ನುತ್ತಾನೆ ಅಲ್ವಾ? ಅವನು ಹೇಳುವುದು ಇದನ್ನೇ.

ಹಾಗಾಗಿ ಈ ವಯಸ್ಸಿನಲ್ಲಿ ನಾನು ಮೊದಲು ನೋಡುವುದು ಎರಡನೇ ಸರ್ವ್ ಮತ್ತು ರಿಟರ್ನ್. ಫೋರ್‌ಹ್ಯಾಂಡ್ ವೇಗ ಎಲ್ಲರಿಗೂ ಇಷ್ಟ, ವಿಡಿಯೊದಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ 17ರಿಂದ 20ರ ನಡುವೆ ಹುಡುಗರು ಮುಂದೆ ಹೋಗುವುದೋ ನಿಂತುಬಿಡುವುದೋ ಹೆಚ್ಚಾಗಿ ಈ ಎರಡು ಹೊಡೆತಗಳ ಮೇಲೆ. ಪ್ರಪಂಚದ ಅಗ್ರ ಆಟಗಾರರೂ ಎರಡನೇ ಸರ್ವ್‌ನಲ್ಲಿ ಗೆಲ್ಲುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂಕಗಳನ್ನು ಮಾತ್ರ. ನಿಮ್ಮ ಮಗನ ಎಂ15 ಪಂದ್ಯಗಳಲ್ಲಿ ಆ ಸಂಖ್ಯೆ ಶೇ 35ರ ಹತ್ತಿರ ಇದ್ದರೆ, ಅವನ ಸೋಲಿಗೆ ದೊಡ್ಡ ಕಾರಣ ಸಿಕ್ಕಿದ ಹಾಗೆ. ಮುಂದಿನ ಸಲ ಯಾರಾದರೂ ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಎರಡನೇ ಸರ್ವ್ ಎಷ್ಟು, ಅದರಲ್ಲಿ ಗೆದ್ದ ಅಂಕ ಎಷ್ಟು, ಡಬಲ್ ಫಾಲ್ಟ್ ಎಷ್ಟು. ಎದುರಾಳಿಯ ಎರಡನೇ ಸರ್ವ್‌ಗೆ ಇವನ ರಿಟರ್ನ್ ಸರ್ವಿಸ್ ಲೈನ್ ದಾಟಿ ಬಿದ್ದಿದ್ದು ಎಷ್ಟು ಸಲ. ಪೆನ್ನು, ಕಾಗದ ಸಾಕು.

ಇನ್ನು ಎಲ್ಲಿ ಆಡಬೇಕು ಅನ್ನುವ ಪ್ರಶ್ನೆ. ಇದಕ್ಕೆ ಪಾಯಿಂಟ್ಸ್ ಲೆಕ್ಕ ಗೊತ್ತಿರಬೇಕು. ಪುರುಷರ ಪ್ರೊ ಟೆನಿಸ್‌ನ ತಳದಲ್ಲಿ ಎಂ15 ಮತ್ತು ಎಂ25 ಇವೆ. ಅದರ ಮೇಲೆ 50ರಿಂದ 175ರವರೆಗಿನ ಎಟಿಪಿ ಚಾಲೆಂಜರ್‌ಗಳು. ಅದರ ಮೇಲೆ ಎಟಿಪಿ 250, 500, 1000 ಮತ್ತು ಗ್ರ್ಯಾಂಡ್ ಸ್ಲಾಮ್‌ಗಳು. ಎಂ15 ಗೆದ್ದವನಿಗೆ 15 ಎಟಿಪಿ ಪಾಯಿಂಟ್ಸ್. ಪ್ರಧಾನ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಒಂದೇ ಒಂದು ಪಾಯಿಂಟ್. ಇತ್ತೀಚಿನ ವರ್ಷಗಳಲ್ಲಿ 100ನೇ ಸ್ಥಾನಕ್ಕೆ 600ರ ಆಸುಪಾಸು ಪಾಯಿಂಟ್ಸ್ ಬೇಕಾಗಿದೆ. ರ‍್ಯಾಂಕಿಂಗ್‌ಗೆ ಹಿಡಿಯುವುದು ಕಳೆದ 52 ವಾರಗಳ ಸುಮಾರು 18-19 ಉತ್ತಮ ಫಲಿತಾಂಶಗಳನ್ನು. ಅಂದರೆ ಅಷ್ಟೂ ಎಂ15 ಪಂದ್ಯಾವಳಿಗಳನ್ನು ಗೆದ್ದರೂ 300 ಪಾಯಿಂಟ್ಸ್ ಮುಟ್ಟುವುದಿಲ್ಲ. ಎಂ15 ಯಾರಿಗೂ ಉಳಿದುಕೊಳ್ಳುವ ಜಾಗವಲ್ಲ. ಅಲ್ಲಿಂದ ಎಷ್ಟು ಬೇಗ ಚಾಲೆಂಜರ್‌ಗೆ ಹೋಗುತ್ತಾನೆ ಅನ್ನುವುದೇ ಲೆಕ್ಕ.

ಈ ಕಾರಣಕ್ಕೇ ಜೂನಿಯರ್ ಬಿಟ್ಟುಬಿಡಿ ಅನ್ನುವ ಮಾತಿಗೆ ನಾನು ಒಪ್ಪುವುದಿಲ್ಲ. ವರ್ಷದ ಕೊನೆಯಲ್ಲಿ ಐಟಿಎಫ್ ಜೂನಿಯರ್ ರ‍್ಯಾಂಕಿಂಗ್‌ನ ಮೊದಲ 20ರಲ್ಲಿರುವ ಹುಡುಗರಿಗೆ ಮುಂದಿನ ವರ್ಷ ಕೆಲವು ಚಾಲೆಂಜರ್‌ಗಳಲ್ಲಿ ಪ್ರಧಾನ ಸುತ್ತಿಗೋ ಅರ್ಹತಾ ಸುತ್ತಿಗೋ ಜಾಗ ಕೊಡುವ ವ್ಯವಸ್ಥೆ 2023ರಿಂದ ಇದೆ. ಇದು ಭಾರಿ ಅನುಕೂಲ. ಒಂದು ವರ್ಷ ಎಂ15ಗಳಲ್ಲಿ ಅಲೆದು ಗಳಿಸುವ ಅವಕಾಶ ಒಂದೇ ಸಲಕ್ಕೆ ಸಿಗುತ್ತದೆ. ನಿಮ್ಮ ಮಗನಿಗೆ ಇನ್ನೊಂದು ಜೂನಿಯರ್ ವರ್ಷ ಉಳಿದಿದ್ದರೆ, 70ರಿಂದ 20ಕ್ಕೆ ಬರುವುದು ಕಷ್ಟ, ಆದರೆ ಆಗದ ಮಾತಲ್ಲ. ಅದಕ್ಕೆ ಜೆ30, ಜೆ60ಯಂಥ ಸಣ್ಣ ಜೂನಿಯರ್ ಪಂದ್ಯಾವಳಿಗಳಲ್ಲಿ ಸುಲಭದ ಪಾಯಿಂಟ್ಸ್ ಹೆಕ್ಕುವುದರಿಂದ ಉಪಯೋಗವಿಲ್ಲ. ಅವನು ಆಡಬೇಕಾದದ್ದು ದೊಡ್ಡ ಹಂತದ ಜೆ300, ಜೆ500 ಮತ್ತು ನಾಲ್ಕು ಜೂನಿಯರ್ ಗ್ರ್ಯಾಂಡ್ ಸ್ಲಾಮ್‌ಗಳನ್ನು. ಅಲ್ಲಿ ಎದುರಾಳಿಗಳೂ ನಾಳೆ ಪ್ರೊ ಆಗುವವರೇ. ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ಎಂ15ಗಳ ಪ್ರಧಾನ ಸುತ್ತಿನಲ್ಲಿ ಕೆಲವು ಜಾಗಗಳನ್ನು ಜೂನಿಯರ್ ರ‍್ಯಾಂಕಿಂಗ್‌ನ ಮೊದಲ 100ರೊಳಗಿನವರಿಗೆ ಮೀಸಲಿಡುತ್ತಾರೆ. ನಿಮ್ಮ ಮಗ ಆ ಪಟ್ಟಿಯಲ್ಲಿದ್ದಾನೆ. ಅವನು ಎಲ್ಲ ಕಡೆ ಅರ್ಹತಾ ಸುತ್ತಿಂದಲೇ ಶುರು ಮಾಡಬೇಕಾಗಿಲ್ಲ. ಅರ್ಹತಾ ಸುತ್ತಿನಲ್ಲಿ ಮೂರನೇ ಸೆಟ್ ಬದಲು ಹತ್ತು ಅಂಕಗಳ ಟೈಬ್ರೇಕ್ ಇರುತ್ತದೆ. ಎರಡು ಕೆಟ್ಟ ಹೊಡೆತಕ್ಕೆ ಇಡೀ ಪಂದ್ಯ ಕೈಬಿಟ್ಟು ಹೋಗುತ್ತದೆ, ಕಲಿಯಲು ಸಮಯವೂ ಕಡಿಮೆ. ಎಂಟ್ರಿ ಹಾಕುವಾಗ ಆ ಮೀಸಲು ಜಾಗ ಯಾವ ಪಂದ್ಯಾವಳಿಯಲ್ಲಿ ಸಿಗುತ್ತದೆ ಅಂತ ಕೋಚ್ ಮೊದಲೇ ನೋಡಿಕೊಳ್ಳಲಿ.

ಮುಂದಿನ ಒಂದು ವರ್ಷಕ್ಕೆ ನನ್ನ ಸಲಹೆ ಇದು. ಸೊಂಟ ಸರಿಯಾದ ಮೇಲೆ, ದೊಡ್ಡ ಜೂನಿಯರ್ ಪಂದ್ಯಾವಳಿಗಳನ್ನು ಮೊದಲು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಡುವಿನ ಜಾಗದಲ್ಲಿ ಎಂ15ಗಳನ್ನು ಒಂದೇ ಊರಲ್ಲೋ ಹತ್ತಿರ ಹತ್ತಿರದಲ್ಲೋ ಎರಡು-ಮೂರು ವಾರ ಸಾಲಾಗಿ ಆಡಿಸಿ. ಒಂದು ವಾರಕ್ಕೆ ಅಂತ ಹೋದರೆ ಹುಡುಗ ಅಂಕಣಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಸೋತು ಬಂದಿರುತ್ತಾನೆ. ಎರಡನೇ ವಾರದಲ್ಲಿ ಅದೇ ಚೆಂಡು, ಅದೇ ಅಂಕಣ, ಅದೇ ಎದುರಾಳಿಗಳು. ಸೋತ ಮೇಲೆ ಅಲ್ಲೇ ಇದ್ದು, ತನಗಿಂತ ದೊಡ್ಡವರ ಜೊತೆ ಅಭ್ಯಾಸ ಮಾಡಲಿ. ಡಬಲ್ಸ್ ಕೂಡ ಆಡಲಿ. ರಿಟರ್ನ್ ಮತ್ತು ಎರಡನೇ ಸರ್ವ್ ಕಲಿಯಲು ಡಬಲ್ಸ್‌ನಂಥ ಪಾಠಶಾಲೆ ಇಲ್ಲ. ಇಂಥ ಪ್ರತಿ ಸುತ್ತಾಟದ ಮಧ್ಯೆ ಮೂರು ನಾಲ್ಕು ವಾರ ಬರೀ ತರಬೇತಿ. ವರ್ಷವಿಡೀ ಪಂದ್ಯ ಆಡುವ ಹುಡುಗನ ಸರ್ವ್ ಬದಲಾಗುವುದಿಲ್ಲ. ಬದಲಾವಣೆಗೆ ಸೋಲುವ ಭಯ ಇಲ್ಲದ ವಾರಗಳು ಬೇಕು.

ಮಂಕಾಗಿದ್ದಾನೆ ಅಂದಿರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಹೊಡೆತ ಸರಿಯಿದ್ದೂ ಇಲ್ಲೇ ಕಳೆದುಹೋಗುವವರನ್ನು ನೋಡಿದ್ದೇನೆ. ಜೂನಿಯರ್‌ನಲ್ಲಿ ನಿಮ್ಮ ಮಗ ನಾಲ್ಕರಲ್ಲಿ ಮೂರು ಪಂದ್ಯ ಗೆದ್ದು ಅಭ್ಯಾಸವಾದವನು. ಪ್ರೊ ಟೆನಿಸ್‌ನಲ್ಲಿ ಪ್ರತಿ ವಾರ ಒಬ್ಬನನ್ನು ಬಿಟ್ಟು ಎಲ್ಲರೂ ಸೋಲುತ್ತಾರೆ. ಗೆದ್ದಷ್ಟೇ ಸೋಲುತ್ತಾ ಮೊದಲ 100ರಲ್ಲಿ ಉಳಿದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಫೆಡರರ್ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವಿ ಸಮಾರಂಭದಲ್ಲಿ ಒಂದು ಲೆಕ್ಕ ಹೇಳಿದರು. ತಾವು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ ಶೇ 80 ಗೆದ್ದಿದ್ದರೂ, ಅಂಕಗಳಲ್ಲಿ ಗೆದ್ದಿದ್ದು ಶೇ 54 ಮಾತ್ರ ಅಂತ. ಇದನ್ನು ಮಗನಿಗೆ ತೋರಿಸಿ. ಅಷ್ಟು ದೊಡ್ಡ ಆಟಗಾರನೂ ನೂರರಲ್ಲಿ 46 ಅಂಕ ಕಳೆದುಕೊಂಡವರು. ಕಳೆದುಕೊಂಡ ಅಂಕವನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುವುದು ಒಂದು ಕೌಶಲ. ಅದನ್ನೂ ಅಭ್ಯಾಸದಲ್ಲೇ ಕಲಿಸಬೇಕು. ಎರಡು ಅಂಕಗಳ ನಡುವೆ ಅವನು ಏನು ಮಾಡುತ್ತಾನೆ ಅಂತ ನೋಡಿ. ರ‍್ಯಾಕೆಟ್ ತಂತಿ ಸರಿಮಾಡುತ್ತಾ ಉಸಿರು ಹಿಡಿತಕ್ಕೆ ತಂದುಕೊಂಡು ಲೈನ್‌ಗೆ ಬರುತ್ತಾನೋ, ಅಥವಾ ಪ್ರತಿ ತಪ್ಪಿಗೂ ನಿಮ್ಮ ಕಡೆಗೋ ಕೋಚ್ ಕಡೆಗೋ ತಿರುಗುತ್ತಾನೋ? ತಿರುಗುತ್ತಿದ್ದರೆ, ಕೆಲವು ಪಂದ್ಯಗಳಿಗೆ ನೀವು ಅವನ ಕಣ್ಣಿಗೆ ಬೀಳದ ಕಡೆ ಕೂತುಕೊಳ್ಳಿ. ಸೋತ ದಿನ ಕಾರಿನಲ್ಲಿ ಪಂದ್ಯದ ಮಾತು ಬೇಡ. ಕೋಚ್ ಮರುದಿನ ಮಾತಾಡಲಿ, ಪಕ್ಕದಲ್ಲಿ ಬರೆದುಕೊಂಡ ಲೆಕ್ಕ ಇಟ್ಟುಕೊಂಡು.

ದೂರ ಹೋಗಿ ವಾಪಸ್ ಬಂದವರೂ ಇದ್ದಾರೆ. ಆ್ಯಶ್ಲಿ ಬಾರ್ಟಿ 15ನೇ ವಯಸ್ಸಿನಲ್ಲಿ, 2011ರಲ್ಲಿ, ವಿಂಬಲ್ಡನ್ ಬಾಲಕಿಯರ ಪ್ರಶಸ್ತಿ ಗೆದ್ದರು. 2014ರಲ್ಲಿ ಟೆನಿಸ್‌ನಿಂದ ದೂರ ಸರಿದು ಕ್ರಿಕೆಟ್ ಆಡಿದರು, ಬ್ರಿಸ್ಬೇನ್ ಹೀಟ್ ತಂಡದಲ್ಲಿ. 2016ರಲ್ಲಿ ಟೆನಿಸ್‌ಗೆ ವಾಪಸಾದರು. 2019ರಲ್ಲಿ ಫ್ರೆಂಚ್ ಓಪನ್, 2021ರಲ್ಲಿ ವಿಂಬಲ್ಡನ್, 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ನಿಮ್ಮ ಮಗ ಕ್ರಿಕೆಟ್‌ಗೆ ಹೋಗಲಿ ಅಂತ ಹೇಳುತ್ತಿಲ್ಲ. ಸಾಕು ಅನ್ನಿಸಿದಾಗ ಎರಡು ತಿಂಗಳು ರ‍್ಯಾಕೆಟ್ ಕೆಳಗಿಟ್ಟರೆ ಎಲ್ಲ ಮುಗಿದುಹೋಗುತ್ತದೆ ಅನ್ನುವ ಭಯ ನಿಮಗೂ ಬೇಡ, ಅವನಿಗೂ ಬೇಡ. ಸೊಂಟಕ್ಕೆ ವಿಶ್ರಾಂತಿ ಬೇಕಾದರೆ ಈ ಮಾತು ಇನ್ನೂ ಮುಖ್ಯ.

ಹೆಣ್ಣುಮಕ್ಕಳ ಅಪ್ಪ-ಅಮ್ಮಂದಿರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಅಲ್ಲಿ ಮೆಟ್ಟಿಲುಗಳು ಡಬ್ಲ್ಯು15, 35, 50, 75, 100, ಆಮೇಲೆ ಮಹಿಳೆಯರ ಮುಖ್ಯ ಪ್ರೊ ಸಂಘಟನೆಯಾದ ಡಬ್ಲ್ಯುಟಿಎಯ 125ರಿಂದ ಮೇಲಕ್ಕೆ. ಅಗ್ರ ಜೂನಿಯರ್ ಬಾಲಕಿಯರಿಗೂ ದೊಡ್ಡ ಪಂದ್ಯಾವಳಿಗಳಲ್ಲಿ ಜಾಗ ಕೊಡುವ ವ್ಯವಸ್ಥೆ ಇದೆ. ಆದರೆ ವಯಸ್ಸಿನ ಮಿತಿ ಗಟ್ಟಿಯಾಗಿದೆ. 14 ತುಂಬುವವರೆಗೆ ಪ್ರೊ ಪಂದ್ಯಾವಳಿ ಇಲ್ಲ. ಅಲ್ಲಿಂದ 18ರವರೆಗೆ ವರ್ಷಕ್ಕೆ ಇಷ್ಟೇ ಪಂದ್ಯಾವಳಿ ಅಂತ ಮಿತಿ. ಜೆನಿಫರ್ ಕಾಪ್ರಿಯಾಟಿ 1990ರಲ್ಲಿ 14 ತುಂಬುವ ಮೊದಲೇ ಪ್ರೊ ಆದರು, 1992ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು, ಹದಿನೆಂಟು ಆಗುವ ಹೊತ್ತಿಗೆ ಬಳಲಿ ಆಟದಿಂದಲೇ ದೂರವಾಗಿದ್ದರು. ಇಂಥವನ್ನು ನೋಡಿಯೇ 90ರ ದಶಕದ ಮಧ್ಯದಲ್ಲಿ ಆ ನಿಯಮ ಬಂತು. ಕಾಪ್ರಿಯಾಟಿ ಮರಳಿ ಬಂದು 2001ರಲ್ಲಿ ಆಸ್ಟ್ರೇಲಿಯನ್ ಮತ್ತು ಫ್ರೆಂಚ್ ಓಪನ್ ಎರಡನ್ನೂ ಗೆದ್ದರು. ನನ್ನ ಮಟ್ಟಿಗೆ ಆ ನಿಯಮ ಸರಿಯಾಗಿಯೇ ಇದೆ. ಕೋಕೋ ಗಾಫ್ 15ನೇ ವಯಸ್ಸಿನಲ್ಲಿ, 2019ರಲ್ಲಿ, ಅರ್ಹತಾ ಸುತ್ತಿಂದ ಬಂದು ವಿಂಬಲ್ಡನ್‌ನಲ್ಲಿ ವೀನಸ್ ವಿಲಿಯಮ್ಸ್ ಅವರನ್ನು ಸೋಲಿಸಿದಾಗ ನಿಯಮ ಸಡಿಲಿಸಿ ಅನ್ನುವ ಮಾತು ಎದ್ದಿತ್ತು. ಅವರು ಆ ಮಿತಿಯೊಳಗೇ ಬೆಳೆದು 2023ರಲ್ಲಿ ಯುಎಸ್ ಓಪನ್ ಗೆದ್ದರು.

ಹಣದ ಬಗ್ಗೆ ಮನೆಯಲ್ಲಿ ಬಿಚ್ಚು ಮನಸ್ಸಿನಿಂದ ಮಾತಾಡಿ. ಎಂ15 ಪ್ರಧಾನ ಸುತ್ತಿನಲ್ಲಿ ಮೊದಲ ಪಂದ್ಯ ಸೋತವನಿಗೆ ಸಿಗುವುದು 150 ಡಾಲರ್ ಚಿಲ್ಲರೆ. ಗೆದ್ದು ಟ್ರೋಫಿ ಎತ್ತಿದವನಿಗೂ 2,000 ಡಾಲರ್‌ಗಿಂತ ಸ್ವಲ್ಪ ಮೇಲೆ, ಅದರಲ್ಲಿ ತೆರಿಗೆ ಬೇರೆ ಹೋಗುತ್ತದೆ. ವಿಮಾನ, ವಸತಿ, ರ‍್ಯಾಕೆಟ್ ತಂತಿ, ಕೋಚ್ ಖರ್ಚು ಇದರಲ್ಲಿ ಹುಟ್ಟುವುದಿಲ್ಲ. 2025ರ ಯುಎಸ್ ಓಪನ್‌ನಲ್ಲಿ ಪ್ರಧಾನ ಸುತ್ತಿನ ಮೊದಲ ಪಂದ್ಯ ಸೋತವರಿಗೂ 1,10,000 ಡಾಲರ್ ಇತ್ತು. ಅಂತರ ಅಷ್ಟಿದೆ. ಐಟಿಎಫ್ ತಾನೇ ಮಾಡಿದ ಒಂದು ಅಧ್ಯಯನದಲ್ಲಿ, 2013ರ ಲೆಕ್ಕಕ್ಕೆ, ಕೋಚ್ ಖರ್ಚು ಬಿಟ್ಟೂ ಖರ್ಚು-ವೆಚ್ಚ ಸರಿದೂಗಬೇಕಾದರೆ ಪುರುಷರು 336ನೇ ಸ್ಥಾನಕ್ಕೆ, ಮಹಿಳೆಯರು 253ನೇ ಸ್ಥಾನಕ್ಕೆ ಬರಬೇಕಿತ್ತು. ಮೊದಲ ರ‍್ಯಾಂಕಿಂಗ್ ಪಾಯಿಂಟ್‌ನಿಂದ ಮೊದಲ 100ಕ್ಕೆ ಹೋಗಲು ಪುರುಷರಿಗೆ ಐದು ವರ್ಷದ ಹತ್ತಿರ ಹಿಡಿಯುತ್ತಿತ್ತು. ಅದೂ ಅಲ್ಲಿಗೆ ತಲುಪಿದವರ ಲೆಕ್ಕ. ಎಷ್ಟು ವರ್ಷ, ಎಷ್ಟು ಹಣ ಅಂತ ನೀವು ಮೊದಲೇ ತೀರ್ಮಾನ ಮಾಡಿಕೊಂಡರೆ, ಪ್ರತಿ ಸೋಲೂ ಮನೆಯ ದುಡ್ಡು ಪೋಲು ಮಾಡಿದ ಹಾಗೆ ಹುಡುಗನಿಗೆ ಅನ್ನಿಸುವುದಿಲ್ಲ.

ಕಾಲೇಜು ಟೆನಿಸ್ ಅಂದರೆ ಪ್ರೊ ಕನಸು ಬಿಟ್ಟುಕೊಟ್ಟ ಹಾಗೆ ಅನ್ನುವ ಕಾಲ ಹೋಯಿತು. ಜಾನ್ ಇಸ್ನರ್ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ ಆಮೇಲೆ ಮೊದಲ 10ರೊಳಗೆ ಬಂದರು. ಕೆವಿನ್ ಆಂಡರ್ಸನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಡಿ, 2017ರ ಯುಎಸ್ ಓಪನ್ ಮತ್ತು 2018ರ ವಿಂಬಲ್ಡನ್ ಫೈನಲ್ ತಲುಪಿದರು. ಡೇನಿಯಲ್ ಕಾಲಿನ್ಸ್ 2014 ಮತ್ತು 2016ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಮಹಿಳಾ ಚಾಂಪಿಯನ್, 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲಿಸ್ಟ್. ಬೆನ್ ಶೆಲ್ಟನ್ 2022ರಲ್ಲಿ ಫ್ಲಾರಿಡಾ ಪರ ಎನ್‌ಸಿಎಎ ಗೆದ್ದ ಮರುವರ್ಷವೇ ಯುಎಸ್ ಓಪನ್ ಸೆಮಿಫೈನಲ್ ಆಡಿದರು. ತಡವಾಗಿ ಮೈಕಟ್ಟು ಬೆಳೆಯುವ ಹುಡುಗನಿಗೆ, ಒಂಟಿಯಾಗಿ ತಿರುಗಾಡಿ ಬೇಸತ್ತವನಿಗೆ ಅಲ್ಲಿ ತಂಡ, ಜಿಮ್, ಫಿಸಿಯೊ, ಓದು ಎಲ್ಲ ಒಂದೇ ಕಡೆ ಸಿಗುತ್ತದೆ. ಕಾಲೇಜಿನ ಅಗ್ರ ಆಟಗಾರರಿಗೂ ಈಗ ಚಾಲೆಂಜರ್‌ಗಳಲ್ಲಿ ಅವಕಾಶ ಇದೆ. ಎಲ್ಲ ಕಾಲೇಜೂ ಒಂದೇ ಅಲ್ಲ. ಆ ಕೋಚ್ ಬೇಸಿಗೆಯಲ್ಲಿ ಹುಡುಗರನ್ನು ಪ್ರೊ ಪಂದ್ಯಾವಳಿಗಳಿಗೆ ಕಳಿಸುತ್ತಾರಾ, ತಂಡದಲ್ಲಿ ಇವನಿಗಿಂತ ಚೆನ್ನಾಗಿ ಆಡುವವರು ಇದ್ದಾರಾ ಅಂತ ಕೇಳಿ. ಒಂದು ಎಚ್ಚರಿಕೆ: ಬಹುಮಾನದ ಹಣ ತೆಗೆದುಕೊಂಡರೆ ಕಾಲೇಜಿನಲ್ಲಿ ಆಡುವ ಅರ್ಹತೆಗೆ ತೊಂದರೆ ಆಗಬಹುದು, ಆ ನಿಯಮಗಳು ಬದಲಾಗುತ್ತಲೂ ಇವೆ. ಕಾಲೇಜಿನ ಬಾಗಿಲು ತೆರೆದಿಡಬೇಕು ಅಂತಿದ್ದರೆ, ಮುಂದಿನ ಎಂ15ಗೆ ಹೋಗುವ ಮೊದಲೇ ಆಯಾ ಕಾಲೇಜಿನ ಅರ್ಹತಾ ನಿಯಮ ನೋಡಿಕೊಳ್ಳುವ ಕಚೇರಿಗೆ ಬರೆದು, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.

ಹುಡುಗನ ಫೋನ್ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜೂನಿಯರ್‌ನಲ್ಲಿ ಇದರ ಅನುಭವ ಆಗಿರುವುದಿಲ್ಲ. ಎಂ15 ಪಂದ್ಯಗಳ ಮೇಲೂ ಬೆಟ್ಟಿಂಗ್ ನಡೆಯುತ್ತದೆ. ಸೋತ ಮೇಲೆ ದುಡ್ಡು ಕಳೆದುಕೊಂಡವರಿಂದ ಕೆಟ್ಟ ಕೆಟ್ಟ ಸಂದೇಶ ಬರುತ್ತವೆ. ಒಮ್ಮೊಮ್ಮೆ ಪರಿಚಯದವರ ಮೂಲಕವೇ ‘ಒಂದು ಸೆಟ್ ಬಿಟ್ಟುಕೊಡು’ ಅನ್ನುವ ಮಾತೂ ಬರಬಹುದು. ಅಂಥದ್ದು ಬಂದರೆ ತಿರಸ್ಕರಿಸಿ ಸುಮ್ನಿದ್ದರೆ ಸಾಲದು. ಇಂಟರ್‌ನ್ಯಾಷನಲ್ ಟೆನಿಸ್ ಇಂಟೆಗ್ರಿಟಿ ಏಜೆನ್ಸಿ, ಅಂದರೆ ಐಟಿಐಎಗೆ ತಿಳಿಸಲೇಬೇಕು. ತಿಳಿಸದೆ ಇರುವುದೂ ನಿಯಮದ ಪ್ರಕಾರ ತಪ್ಪೇ. ಯಾರೋ ಕೊಟ್ಟ ಪ್ರೋಟೀನ್ ಪುಡಿ, ಮಾತ್ರೆ ಯಾವುದನ್ನೂ ಕ್ರೀಡಾ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬಾರದು. ಸೊಂಟಕ್ಕೆ ಕೊಡುವ ಔಷಧಿಗೂ ಇದೇ ಮಾತು.

ಕೊನೆಗೆ ನಿಮ್ಮ ಮುಖ್ಯ ಪ್ರಶ್ನೆ, ಪ್ರೊ ಆಗಬಲ್ಲನೇ? 17ರಲ್ಲಿ ಇದನ್ನು ಖಚಿತವಾಗಿ ಹೇಳುವವರನ್ನು ನಂಬಬೇಡಿ, ಆಗುತ್ತಾನೆ ಅಂದರೂ ಸರಿ, ಆಗಲ್ಲ ಅಂದರೂ ಸರಿ. ನಾನು ರ‍್ಯಾಂಕ್ ಬದಲು ಬೇರೆ ಮೂರು ಸಂಗತಿ ನೋಡುತ್ತೇನೆ. ಆರು ತಿಂಗಳ ಹಿಂದೆ 6-2, 6-2ರಲ್ಲಿ ಸೋತಿದ್ದ ಮಟ್ಟದ ಆಟಗಾರನ ಎದುರು ಈಗ 6-4, 7-5ಕ್ಕೆ ಬಂದಿದ್ದಾನಾ? ಒತ್ತಡದ ಅಂಕಗಳಲ್ಲಿ ಎರಡನೇ ಸರ್ವ್‌ಗೆ ತೋಳು ಪೂರ್ತಿ ಬೀಸುತ್ತಾನಾ, ಡಬಲ್ ಫಾಲ್ಟ್ ಆದರೂ ಮತ್ತೆ ಬೀಸುತ್ತಾನಾ? ಯಾರೂ ಹೇಳದೆ ಬೆಳಗ್ಗೆ ಎದ್ದು ತಾನೇ ಬ್ಯಾಗ್ ತುಂಬಿಕೊಳ್ಳುತ್ತಾನಾ? ಮೂರನೆಯದು ಸಣ್ಣದಾಗಿ ಕಾಣಬಹುದು. ಆದರೆ ಪ್ರೊ ಟೂರ್‌ನಲ್ಲಿ ಅವನು ಒಬ್ಬನೇ ಇರುತ್ತಾನೆ. ಎಂಟ್ರಿ ಹಾಕುವುದು, ವಿಮಾನ ಹಿಡಿಯುವುದು, ಅಭ್ಯಾಸಕ್ಕೆ ಜೊತೆಗಾರನನ್ನು ಹುಡುಕುವುದು ಎಲ್ಲ ಅವನ ತಲೆಯ ಮೇಲೆಯೇ. ಈ ಕೆಲಸಗಳನ್ನು ಈಗಿಂದಲೇ ಒಂದೊಂದಾಗಿ ಅವನ ಕೈಗೆ ಕೊಡಿ. ಮೂರೂ ‘ಹೌದು’ ಅನ್ನುವ ಕಡೆಗೆ ಹೋಗುತ್ತಿದ್ದರೆ, ಸೋಲುಗಳಿದ್ದರೂ ಪ್ರೊ ದಾರಿಗೆ ಮೂರು ನಾಲ್ಕು ವರ್ಷ ಕೊಡಿ. ಮೊದಲ ಎರಡು ನಿಂತಲ್ಲೇ ನಿಂತಿದ್ದರೆ ಕಾಲೇಜು ಒಳ್ಳೆಯದು, ಅಲ್ಲಿ ಅವುಗಳ ಮೇಲೆ ಕೆಲಸ ಮಾಡಲು ಸಮಯ ಸಿಗುತ್ತದೆ. ಮೂರನೆಯದೇ ಇಲ್ಲದಿದ್ದರೆ, ಟೆನಿಸ್ ಯಾರಿಗೆ ಬೇಕಾಗಿದೆ ಅಂತ ಅವನನ್ನೇ ಪ್ರೀತಿಯಿಂದ ಕೂರಿಸಿಕೊಂಡು ಕೇಳಿ, ಉತ್ತರ ಏನೇ ಬಂದರೂ ಬೈಯಬೇಡಿ. ಇಬ್ಬರು ಕೋಚ್‌ಗಳ ಹತ್ತಿರವೂ ಹೋಗಿ, ಅವನ ಕೊನೆಯ ಐದು ಎಂ15 ಪಂದ್ಯಗಳಲ್ಲಿ ಎರಡನೇ ಸರ್ವ್‌ನಲ್ಲಿ ಗೆದ್ದ ಅಂಕ ಎಷ್ಟು ಅಂತ ಕೇಳಿ ನೋಡಿ. ಲೆಕ್ಕ ಇಟ್ಟಿರುವವರು ಯಾರೋ, ಮುಂದಿನ ವರ್ಷದ ಯೋಜನೆಯನ್ನು ಅವರ ಜೊತೆ ಕೂತು ಮಾಡಿ.